ಯಾವ ಕ್ಲಾಸಿನ ಗೈಡು?

"ಅಣ್ಣ, ಗೈಡ್ ಇದೆಯಾ?" ಅಂತ ಕೇಳಿದೆ. ಚಿಂತಾಮಣಿಯ ಒಂದು ಹಾರ್ಡ್‌ವೇರ್ ಅಂಗಡಿ. ಎದುರಿಗೆ ಮೊಳೆ, ತಿರುಪು, ಕೀಲು, ಚಿಲಕಗಳ ರಾಶಿ. ಅಂಗಡಿಯವರು ನನ್ನ ಹೆಗಲ ಚೀಲವನ್ನೂ ಕನ್ನಡಕವನ್ನೂ ನೋಡಿ, "ಯಾವ ಕ್ಲಾಸಿಂದಮ್ಮ? ಪುಸ್ತಕದ ಅಂಗಡಿ ಆಚೆ ಬೀದೀಲಿದೆ" ಅಂದರು.

ತಪ್ಪು ಅವರದಲ್ಲ. ನಮ್ಮ ಕಡೆ ಗೈಡು ಅಂದರೆ ಮೊದಲು ನೆನಪಾಗುವುದು ಎಸ್ಸೆಸ್ಸೆಲ್ಸಿ ಮಕ್ಕಳು ಮೇಷ್ಟರ ಕಣ್ಣಿಗೆ ಬೀಳದಂತೆ ಬ್ಯಾಗಿನ ತಳದಲ್ಲಿ ಇಟ್ಟುಕೊಳ್ಳುವ ದಪ್ಪ ಪುಸ್ತಕ. ನಂದಿಬೆಟ್ಟಕ್ಕೆ ಬಂದವರಿಗೆ ಟಿಪ್ಪು ಡ್ರಾಪ್ ತೋರಿಸಿ ಕತೆ ಹೇಳುವವರು ಎರಡನೆಯ ಗೈಡು. ಪಿಎಚ್.ಡಿ.ಗೆ ಸೇರಿದ ಮೇಲೆ ಮೂರನೆಯ ಗೈಡಿನ ಪರಿಚಯವಾಗುತ್ತದೆ. "ಏನ್ ಟಾಪಿಕ್ಕು?" ಅಂತ ಕೇಳುವ ಮೊದಲೇ ಎಲ್ಲರೂ "ನಿಮ್ಮ ಗೈಡ್ ಯಾರು?" ಅಂತ ಕೇಳುತ್ತಾರೆ. ಹೈಸ್ಕೂಲಿನಲ್ಲಿ ಗೈಡ್ ನೋಡಿ ಬರೆದದ್ದಕ್ಕೆ ಬೆಂಚಿನ ಮೇಲೆ ನಿಂತವಳು ನಾನು. ಇಪ್ಪತ್ತೈದು ದಾಟಿದ ಮೇಲೆ ಗೈಡ್ ಸಹಿ ಇಲ್ಲದೆ ಒಂದು ಅರ್ಜಿಯೂ ಮುಂದಕ್ಕೆ ಹೋಗುವುದಿಲ್ಲ ಅಂತ ತಿಳಿಯಿತು.

ನಾನು ಅವತ್ತು ಕೇಳಲು ಹೋಗಿದ್ದು ನಾಲ್ಕನೆಯ ಗೈಡು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಲೋಹದ ಸಾಮಾನು. ಮೇಲೆ ಉಳಿಯನ್ನು ಬಿಗಿಯುವ ಎರಡು ದವಡೆ, ಕೆಳಗೆ ಒಂದು ಪುಟ್ಟ ಚಕ್ರ. ಉಳಿಯನ್ನು ಅದರಲ್ಲಿ ಬಿಗಿದು ಸಾಣೆಕಲ್ಲಿನ ಮೇಲೆ ಹಿಂದೆ ಮುಂದೆ ಓಡಿಸಿದರೆ, ಉಳಿಯ ಓರೆ ಕಲ್ಲಿಗೆ ಯಾವಾಗಲೂ ಒಂದೇ ಕೋನದಲ್ಲಿ ತಾಗುತ್ತದೆ. ಕೈ ನಡುಗಿದರೂ ಕೋನ ನಡುಗುವುದಿಲ್ಲ. ನನಗೆ ಬೇಕಾಗಿದ್ದು ಇಷ್ಟೇ. ಯಾಕೆಂದರೆ ನಡುಗುತ್ತಿದ್ದದ್ದು ನನ್ನ ದೊಡ್ಡಪ್ಪನ ಕೈ.

ದೊಡ್ಡಪ್ಪ ಶಿಡ್ಲಘಟ್ಟದಲ್ಲಿ ಬಡಗಿ. ವಯಸ್ಸು ಎಪ್ಪತ್ತೊಂದು. ರೇಷ್ಮೆ ಸೀಮೆಯ ಬಡಗಿ ಅಂದರೆ ಬರೀ ಬಾಗಿಲು ಕಿಟಕಿಯವರಲ್ಲ. ಒಂದು ಕಾಲಕ್ಕೆ ಹುಳು ಸಾಕುವ ಮನೆಗಳ ತಟ್ಟೆ ಜೋಡಿಸುವ ಸ್ಟ್ಯಾಂಡು, ನೂಲು ಬಿಚ್ಚುವ ಚರಕದ ಚೌಕಟ್ಟು ಎಲ್ಲವೂ ಅವರ ಕೈಯಿಂದ ಹೋಗುತ್ತಿದ್ದವು. ಆಮೇಲೆ ಸ್ಟ್ಯಾಂಡು ಕಬ್ಬಿಣದ್ದಾಯಿತು, ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಬಾಗಿಲು ಸಿದ್ಧವಾಗಿಯೇ ಲಾರಿಯಲ್ಲಿ ಬಂದು ಇಳಿಯತೊಡಗಿತು. ಅಪ್ಪ ಇದನ್ನೆಲ್ಲ ಮೊದಲೇ ಊಹಿಸಿದವರಂತೆ ಉಳಿ ಬಿಟ್ಟು ಬಸ್ಸಿನ ಕಂಡಕ್ಟರ್ ಆದರು. ದೊಡ್ಡಪ್ಪ ಬಿಡಲಿಲ್ಲ. ಗೂಡಿನ ಮಾರುಕಟ್ಟೆಯ ಗದ್ದಲದಿಂದ ಸ್ವಲ್ಪ ದೂರದಲ್ಲಿ, ಶೀಟು ಹೊದಿಸಿದ ಅವರ ಕೆಲಸದ ಚಾವಡಿ ಇವತ್ತಿಗೂ ಇದೆ.

ನನ್ನ ಸಂಶೋಧನೆ ಗಡಿ ಸೀಮೆಯ ಬಡಗಿಗಳ ಮಾತಿನ ಮೇಲೆ. ನಮ್ಮ ನಾಲ್ಕು ತಾಲ್ಲೂಕು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಇಲ್ಲೆಲ್ಲ ಕನ್ನಡ ತೆಲುಗು ಒಂದೇ ಬಾಯಲ್ಲಿ ಓಡಾಡುತ್ತವೆ. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದ ನೆಲ ಇದು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ವೃತ್ತಿಪದಕೋಶದ ಬೇಸಾಯದ ಸಂಪುಟ 1962ರಲ್ಲೇ ಬಂದಿದೆ. ಅದನ್ನು ಓದಿದಾಗ ನಮ್ಮ ಬಡಗಿಗಳ ಮಾತನ್ನೂ ಹೀಗೆ ಕೂಡಿಹಾಕಬೇಕು ಅನ್ನಿಸಿತು. ಮೂರು ವರ್ಷ ಬಸ್ಸು ಹತ್ತಿ ಇಳಿದು ಪದ ಬರೆದುಕೊಂಡೆ. ಉಳಿ, ಬಾಚಿ, ಗರಗಸ, ಕೊಡತಿ, ಕೀಸುಳಿ, ಮೂಲೆಮಟ್ಟ. ಒಂದು ಕಡೆ ಕನ್ನಡ, ಎದುರಿಗೆ ತೆಲುಗು. ಪಟ್ಟಿ ಎಂಟುನೂರು ದಾಟಿತ್ತು. ಅದನ್ನು ನನ್ನ ಗೈಡ್ ಮುಂದೆ ಹೆಮ್ಮೆಯಿಂದ ಇಟ್ಟೆ. ಅವರು ನಿಧಾನವಾಗಿ ಹಾಳೆ ತಿರುವಿ, "ಪದಗಳೆಲ್ಲ ಇವೆ. ಕೆಲಸ ಎಲ್ಲಿದೆ?" ಅಂತ ಕೇಳಿದರು.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಬೇಸಿಗೆಯ ಕೊನೆಗೆ ದೊಡ್ಡಪ್ಪನ ಚಾವಡಿಯಲ್ಲಿ ಬಂದು ಕೂತೆ. ಹುಟ್ಟಿದಾಗಿನಿಂದ ನೋಡಿದ ಜಾಗ. ಆದರೆ ನಾನು ಅಲ್ಲಿನ ಒಂದು ಉಳಿಯನ್ನೂ ಕೈಯಲ್ಲಿ ಹಿಡಿದವಳಲ್ಲ. ಮುಟ್ಟಬೇಡ ಅಂತ ಯಾರೂ ಹೇಳಿರಲಿಲ್ಲ. ಹಿಡಿ ಅಂತಲೂ ಯಾರೂ ಕೊಟ್ಟಿರಲಿಲ್ಲ. ದೊಡ್ಡಪ್ಪನ ಮಕ್ಕಳ ಕೈಗೆ ಬಂದದ್ದು ನನ್ನ ಕೈಗೆ ಬರಲಿಲ್ಲ, ಅವರು ಅದನ್ನು ಇಟ್ಟು ಬೆಂಗಳೂರಿಗೆ ಹೋದರು. ನನಗೆ ಸಿಕ್ಕಿದ್ದು ಆಯುಧಪೂಜೆಯ ದಿನ ಉಳಿಗಳಿಗೆ ಕುಂಕುಮ ಇಡುವ ಕೆಲಸ ಮಾತ್ರ.

ದೊಡ್ಡಪ್ಪನಿಗೆ ಆಗ ಒಂದು ಕೆಲಸ ಬಂದಿತ್ತು. ಗೌರಿಬಿದನೂರು ತಾಲ್ಲೂಕಿನ ಹಳ್ಳಿಯೊಂದರ ರೈತರು ತಮ್ಮ ಹೊಲದಲ್ಲೇ ಬಿದ್ದ ಬೇವಿನ ಮರ ಕೊಯ್ಯಿಸಿ, ಹೊಸ ಮನೆಯ ತಲೆಬಾಗಿಲಿನ ಚೌಕಟ್ಟು ಅದರಲ್ಲೇ ಆಗಬೇಕು, ಕೈಕೆಲಸವೇ ಆಗಬೇಕು ಅಂತ ಹುಡುಕಿಕೊಂಡು ಬಂದಿದ್ದರು. ಶ್ರಾವಣದ ಮೊದಲ ವಾರ ಬಾಗಿಲು ನಿಲ್ಲಿಸುವ ಶಾಸ್ತ್ರ. ದೊಡ್ಡಪ್ಪ ಒಪ್ಪಿಕೊಂಡಿದ್ದರು. ಕೈ ನಡುಗುವ ವಿಷಯ ಅವರಿಗೆ ಹೇಳಿರಲಿಲ್ಲ, ನಮಗೂ ಸರಿಯಾಗಿ ಹೇಳಿರಲಿಲ್ಲ. ಕೊಡತಿ ಹೊಡೆಯಲು ತೊಂದರೆಯಿರಲಿಲ್ಲ. ಗರಗಸವೂ ಸಾಗುತ್ತಿತ್ತು. ತೊಂದರೆ ಇದ್ದದ್ದು ಸಾಣೆ ಹಿಡಿಯುವಾಗ. ಉಳಿಯ ಓರೆಯನ್ನು ಕಲ್ಲಿಗೆ ಸಮನಾಗಿ ಕೂರಿಸಿ ಉಜ್ಜಬೇಕು. ಒಂದು ಸಲ ಎತ್ತರ, ಒಂದು ಸಲ ತಗ್ಗು ಆದರೆ ಓರೆ ಚಪ್ಪಟೆಯಾಗಿ ಉಳಿಯದೆ ಹೊಟ್ಟೆ ಬಂದ ಹಾಗೆ ದುಂಡಗಾಗುತ್ತದೆ. ಬಾಯಿ ಮೊಂಡಾಗುತ್ತದೆ. ಬೇವು ಗಟ್ಟಿ ಮರ, ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಮೊಂಡು ಉಳಿಗೆ ಅದು ಕತ್ತರಿಸಿಕೊಳ್ಳುವುದಿಲ್ಲ, ಹರಿದುಕೊಳ್ಳುತ್ತದೆ.

ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ನಾನೊಂದು ಉಪಕಾರ ಮಾಡಲು ಹೋದೆ. ಒಂದಂಗುಲದ ಉಳಿಯನ್ನು ಚೀಲದಲ್ಲಿ ಹಾಕಿಕೊಂಡು, ಕರೆಂಟಿನ ಸಾಣೆಚಕ್ರ ಇದ್ದ ಒಂದು ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಎರಡು ನಿಮಿಷ ಕಿಡಿ ಹಾರಿತು. ಬಾಯಿ ಫಳಫಳ ಹೊಳೆಯಿತು. ತುದಿಯಲ್ಲಿ ನವಿಲುಗರಿಯಂಥ ನೀಲಿ ಬಣ್ಣವೂ ಬಂದಿತ್ತು. ನನಗೆ ಅದೂ ಚೆಂದವೇ ಕಂಡಿತು.

ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ ಬೈಯಲಿಲ್ಲ. "ಪದುನು ಪೋಯಿಂದಮ್ಮಾ" ಅಂದರು, ತಮಗೇ ಹೇಳಿಕೊಂಡಂತೆ. ಹದ ಹೋಯಿತು.

ಉಕ್ಕಿನ ಲೆಕ್ಕ ಆಮೇಲೆ ಓದಿ ತಿಳಿದುಕೊಂಡೆ. ಉಳಿಯನ್ನು ಕೆಂಪಗೆ ಕಾಯಿಸಿ ತಣ್ಣಗೆ ಅದ್ದಿದರೆ ಅದು ಗಾಜಿನಷ್ಟು ಗಡುಸಾಗುತ್ತದೆ, ಜೊತೆಗೆ ಗಾಜಿನ ಹಾಗೆ ಚಿಪ್ಪೇಳುತ್ತದೆ. ಅದಕ್ಕೇ ಮತ್ತೆ ಹಗುರಾಗಿ ಕಾಯಿಸಿ ಸ್ವಲ್ಪ ಇಳಿಸುತ್ತಾರೆ. ಸುಮಾರು 230 ಡಿಗ್ರಿಗೆ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬರುತ್ತದೆ. ಉಳಿಗೆ ಅದು ಸರಿಯಾದ ಜಾಗ. 300ರ ಹತ್ತಿರ ಹೋದರೆ ನೀಲಿ. ನೀಲಿ ಬಂದ ಬಾಯಿ ಮೆತ್ತಗೆ. ಎಷ್ಟು ಹರಿತ ಮಾಡಿದರೂ ನಾಲ್ಕು ಪೆಟ್ಟಿಗೆ ಮಡಚಿಕೊಳ್ಳುತ್ತದೆ. ನೀಲಿ ಇರುವಷ್ಟನ್ನೂ ಸವೆಸಿ ತೆಗೆಯುವುದೊಂದೇ ದಾರಿ. ದೊಡ್ಡಪ್ಪ ಎರಡು ದಿನ ಅದನ್ನೇ ಮಾಡಿದರು. ಉಜ್ಜುವುದು, ನೀರಿಗೆ ಅದ್ದುವುದು, ಮತ್ತೆ ಉಜ್ಜುವುದು. ಕೈ ನಡುಗುತ್ತಿತ್ತು. ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದುಕೊಂಡು ಕೂತಿದ್ದೆ. ಬರೆಯಲು ಏನೂ ಇರಲಿಲ್ಲ.

ಅವತ್ತು ರಾತ್ರಿಯೇ ಈ ನಾಲ್ಕನೆಯ ಗೈಡನ್ನು ಹುಡುಕಲು ಶುರುಮಾಡಿದ್ದು.

ನೋಡುತ್ತಾ ಹೋದಂತೆ ಅದರಲ್ಲೂ ಜಾತಿಗಳಿರುವುದು ಗೊತ್ತಾಯಿತು. ಒಂದು, ಉಳಿಯನ್ನು ಎರಡು ಪಕ್ಕದಿಂದ ಬಿಗಿಯುವಂಥದು. ಇಂಗ್ಲೆಂಡಿನ ಶೆಫೀಲ್ಡ್‌ನ ಜೇಮ್ಸ್ ನೀಲ್ ಕಂಪನಿ 'ಎಕ್ಲಿಪ್ಸ್ 36' ಅಂತ ಮಾಡುತ್ತಿದ್ದ ಮಾದರಿ. ಇವತ್ತು ಅಗ್ಗಕ್ಕೆ ಸಿಗುವ ಬಹುಪಾಲು ಗೈಡುಗಳು ಅದರ ನಕಲು. ಇದರಲ್ಲಿ ಕೋನ ಅಳೆಯುವ ಸಾಧನವೇ ಇಲ್ಲ. ಉಳಿಯ ಬಾಯಿ ದವಡೆಯಿಂದ ಎಷ್ಟು ಮುಂದೆ ಚಾಚಿದೆ ಅನ್ನುವುದೇ ಕೋನ. 40 ಮಿ.ಮೀ. ಚಾಚಿದರೆ 25 ಡಿಗ್ರಿ, 30 ಮಿ.ಮೀ. ಚಾಚಿದರೆ 30 ಡಿಗ್ರಿ. ಹಿಂದಕ್ಕೆಳೆದಷ್ಟೂ ಓರೆ ಕಡಿದು. ಪಕ್ಕಗಳು ಸಮನಾಗಿರುವ ಉಳಿಯನ್ನು ಇದು ತಾನಾಗಿ ನೇರಕ್ಕೆ ತಂದು ನಿಲ್ಲಿಸುತ್ತದೆ. ಪಕ್ಕ ಸೊಟ್ಟಗಿದ್ದರೆ ಕೈ ಬಿಡುತ್ತದೆ.

ಇನ್ನೊಂದು, ಮೇಲಿನಿಂದ ಅದುಮಿ ಹಿಡಿಯುವಂಥದು. ಕೆನಡಾದ ವೆರಿಟಾಸ್ ಮಾರ್ಕ್ 2 ಇದರಲ್ಲಿ ಹೆಸರಾದದ್ದು. ಚಕ್ರ ಅಗಲ, ಕೋನಕ್ಕೆ ಬೇರೆಯೇ ಅಳತೆಪಟ್ಟಿ. ಉಳಿಯ ಪಕ್ಕ ಹೇಗಿದ್ದರೂ ಇದಕ್ಕೆ ಅಷ್ಟಾಗಿ ಚಿಂತೆಯಿಲ್ಲ. ಆದರೆ ಸಣ್ಣ ಉಳಿಯನ್ನು ಬಿಗಿಯುವಾಗ ಅದು ಓರೆಗೆ ತಿರುಗಿಬಿಡಬಹುದು, ನಾವೇ ಮೂಲೆಮಟ್ಟ ಹಿಡಿದು ನೋಡಿಕೊಳ್ಳಬೇಕು. ಬೆಲೆ ನನ್ನ ಫೆಲೋಶಿಪ್‌ನಲ್ಲಿ ದೊಡ್ಡ ತುಂಡನ್ನೇ ತಿನ್ನುವಂತಿತ್ತು. ಅದೂ ತಿಂಗಳಿಗೆ ಸರಿಯಾಗಿ ಬಾರದ ಫೆಲೋಶಿಪ್.

ಆಯ್ಕೆ ಮಾಡುವಾಗ ನನಗೆ ಪಿಎಚ್.ಡಿ.ಗೆ ಗೈಡ್ ಹುಡುಕಿದ ದಿನಗಳು ನೆನಪಾದವು. 2022ರ ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಜನರನ್ನು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ನಾವು ಹುಡುಕುವುದು ನಮ್ಮ ವಿಷಯ ಬಲ್ಲವರನ್ನಲ್ಲ, ಜಾಗ ಖಾಲಿ ಇರುವವರನ್ನು. ನನಗೆ ಸಿಕ್ಕವರ ಕ್ಷೇತ್ರ ಛಂದಸ್ಸು. ಮೊದಮೊದಲು ಇವರಿಗೆ ಬಡಗಿಗಳ ಮಾತಿನ ಬಗ್ಗೆ ಏನು ಗೊತ್ತಿರುತ್ತದೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಸ್ನೇಹಿತರ ಜೊತೆ ಹಾಗಂತ ಹೇಳಿಯೂ ಇದ್ದೆ. ಎಂಟುನೂರು ಪದಗಳ ಪಟ್ಟಿಯಲ್ಲಿ ಕೆಲಸ ಕಾಣೆಯಾಗಿರುವುದನ್ನು ಹಿಡಿದವರು ಅವರೇ.

ಕೊನೆಗೆ ಅಗ್ಗದ ನಕಲನ್ನೇ ತರಿಸಿದೆ. ಕೊರಿಯರ್ ಚಿಕ್ಕಬಳ್ಳಾಪುರದ ನನ್ನ ಬಾಡಿಗೆ ಕೋಣೆಗೆ ಬಂತು. ಅದನ್ನು ಚೀಲಕ್ಕೆ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ದೊಡ್ಡಪ್ಪ ಅದನ್ನು ಅಂಗೈಯಲ್ಲಿಟ್ಟು ಚಕ್ರ ತಿರುಗಿಸಿ ನೋಡಿದರು.

"ಏನಮ್ಮಾ ಇದು, ಆಟದ ಗಾಡೀನಾ?"

"ಗೈಡ್ ದೊಡ್ಡಪ್ಪ. ಉಳಿ ಹಿಡ್ಕೊಳ್ಳತ್ತೆ. ನೀವು ತಳ್ಳಿದರೆ ಸಾಕು."

"ನಾನು ಹಿಡ್ಕೊಳ್ಳಲಾರೆ ಅಂತ ತಂದ್ಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಕಾಲು ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಎದ್ದು ಹೋಗಿ ನೀಲಿ ತೆಗೆದಿದ್ದ ಒಂದಂಗುಲದ ಉಳಿ ತಂದು, "ಬಿಗಿ ನೋಡೋಣ" ಅಂದರು.

ಬಿಗಿದೆ. ನಾಲ್ಕು ಸಲ ತಳ್ಳುವಷ್ಟರಲ್ಲಿ ಉಳಿ ಜಾರಿ ಓರೆಯಾಯಿತು. ದೊಡ್ಡಪ್ಪನಿಗೆ ಆಗ ಕುತೂಹಲ ಹುಟ್ಟಿತು. ಮುರಿದ ಸಾಮಾನು ಕಂಡರೆ ಅವರಿಗೆ ಮನುಷ್ಯರ ಮೇಲಿನ ಸಿಟ್ಟು ಹೋಗುತ್ತದೆ. ದವಡೆಯನ್ನು ಬೆಳಕಿಗೆ ಹಿಡಿದು, "ಎರಕದ ಗಂಟು ಹಾಗೇ ಬಿಟ್ಟವ್ರೆ. ಉಳಿ ಎಲ್ಲಿ ಕೂರ್ಬೇಕು? ನಿನ್ ಗೈಡಿಗೇ ಮೊದಲು ಸಾಣೆ ಬೇಕು ಕಣಮ್ಮ" ಅಂತ ನಕ್ಕರು. ಗರಗಸದ ಹಲ್ಲು ಮಸೆಯುವ ಮೂರು ಮೂಲೆಯ ಅರ ತೆಗೆದುಕೊಂಡು ದವಡೆಯ ಒಳಗಿನ ಗಾಡಿಯನ್ನು ಮಟ್ಟ ಮಾಡಿದರು. ಉಳಿ ಗಟ್ಟಿಯಾಗಿ ಕೂತಿತು.

ಆದರೂ ಸರಿಹೋಗಲಿಲ್ಲ. ಈ ಸಲ ತಪ್ಪು ಕಲ್ಲಿನದು. ಮೂವತ್ತು ವರ್ಷ ಉಜ್ಜಿಸಿಕೊಂಡ ಕಲ್ಲು ನಡುವೆ ದೋಣಿಯಂತೆ ಗುಳಿಬಿದ್ದಿತ್ತು. ಗೈಡಿನ ಚಕ್ರ ಗುಳಿಗೆ ಇಳಿದಾಗ ಕೋನ ಒಂದು, ಅಂಚಿಗೆ ಹತ್ತಿದಾಗ ಇನ್ನೊಂದು. ಕೈಯಲ್ಲಿ ಉಜ್ಜುವಾಗ ಮಣಿಕಟ್ಟು ಆ ಗುಳಿಗೆ ತಕ್ಕಂತೆ ತಾನೇ ಬಾಗುತ್ತಿತ್ತು. ಆ ಹೊಂದಾಣಿಕೆ ಚಕ್ರಕ್ಕೆ ಗೊತ್ತಿಲ್ಲ.

ಆ ಕಲ್ಲಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಅದನ್ನು ಕಾರ್ಬೊರಂಡಂ ಕಲ್ಲು ಅನ್ನುತ್ತಾರೆ. ಒಂದು ಮುಖ ಒರಟು, ಒಂದು ಮುಖ ನಯ. ಅಮೆರಿಕದ ಎಡ್ವರ್ಡ್ ಅಚೆಸನ್ 1890ರ ದಶಕದ ಆರಂಭದಲ್ಲಿ ಕುಲುಮೆಯಲ್ಲಿ ಆಕಸ್ಮಿಕವಾಗಿ ಪಡೆದ ಹರಳು ಅದು. ಇಂಗಾಲಕ್ಕೂ ಕೊರಂಡಂಗೂ ಹುಟ್ಟಿದ್ದು ಅಂತ ತಪ್ಪು ತಿಳಿದು ಆ ಹೆಸರಿಟ್ಟ. ನಿಜಕ್ಕೂ ಅದು ಸಿಲಿಕಾನ್ ಕಾರ್ಬೈಡ್. ಆ ಹೆಸರಿನ ಅರ್ಧ ಭಾಗವಾದ ಕೊರಂಡಂ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ನಮ್ಮ ದಕ್ಷಿಣದಿಂದ, ತಮಿಳಿನ ಕುರುಂದದಿಂದ. ನಮ್ಮ ಕಡೆ ಕುರುಂದದ ಪುಡಿಯನ್ನು ಅರಗಿನಲ್ಲಿ ಕಲೆಸಿ ಸಾಣೆಚಕ್ರ ಮಾಡುತ್ತಿದ್ದರು. ನಮ್ಮದೇ ಮಾತು ಸಮುದ್ರ ದಾಟಿ, ತಪ್ಪು ಹೆಸರಾಗಿ, ಚಿಂತಾಮಣಿಯ ಅಂಗಡಿಗೆ ಮರಳಿ ಬಂದಿದೆ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ಹೂಂ, ಕಲ್ಲು ಮಾತ್ರ ಗುಳಿ ಬಿದ್ದೈತೆ" ಅಂದರು.

ಉಪಾಯ ಅವರೇ ಹುಡುಕಿದರು. ಯಾರದೋ ಅಡುಗೆಮನೆಗೆ ಹಾಕಿ ಉಳಿದಿದ್ದ ಕಡಪಾ ಕಲ್ಲಿನ ತುಂಡು ಹಿತ್ತಲಲ್ಲಿತ್ತು. ಅದರ ನುಣುಪು ಮುಖದ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಹಾಸಿದೆವು. ಮೊದಲು 220ರ ಕಾಗದ, ಆಮೇಲೆ 400, 800, ಕೊನೆಗೆ 1500. ಗೈಡಿನ ಚಕ್ರ ಈಗ ಸಮನೆಲದಲ್ಲಿ ಓಡಿತು.

ಉಳಿದದ್ದು ಕೋನ. ನಾನು ಸ್ಕೇಲು ಹಿಡಿದು "30 ಮಿ.ಮೀ. ದೊಡ್ಡಪ್ಪ" ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. "ಗಟ್ಟಿ ಮರಕ್ಕೆ ಉಳಿ ದಪ್ಪ ಎಷ್ಟೈತೋ ಅದರ ಎರಡರಷ್ಟು ಓರೆ ಇರ್ಬೇಕು. ಮೆತ್ತನೆ ಮರಕ್ಕೆ ಎರಡೂವರೆ. ನಮ್ಮಪ್ಪ ಹೇಳಿದ್ದು." ಹಾಗೇ ಹಿಂದೆ ಮುಂದೆ ಸರಿಸಿ ಬಿಗಿದರು. ನಾನು ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದು ತ್ರಿಕೋನ ಬರೆದೆ. ದಪ್ಪ ಒಂದು, ಓರೆಯ ಉದ್ದ ಎರಡು. ಹತ್ತನೇ ಕ್ಲಾಸಿನ ಲೆಕ್ಕ. ಸೈನ್ ಬೆಲೆ ಅರ್ಧ, ಕೋನ 30 ಡಿಗ್ರಿ. ಎರಡೂವರೆಯಾದರೆ ಸುಮಾರು 24. ಅವರು ಬಿಗಿದಿದ್ದ ಉಳಿಯನ್ನು ಅಳೆದೆ. ಶೆಫೀಲ್ಡ್‌ನವರ 30 ಮಿ.ಮೀ.ಗೂ ಶಿಡ್ಲಘಟ್ಟದ ಎರಡರಷ್ಟಕ್ಕೂ ನಡುವೆ ಒಂದು ಮಿ.ಮೀ. ಕೂಡ ವ್ಯತ್ಯಾಸ ಇರಲಿಲ್ಲ. ಮರುದಿನ ಅವರೇ ಒಂದು ಹಲಗೆಯ ತುಂಡಿಗೆ ಎರಡು ಪಟ್ಟಿ ಹೊಡೆದರು. ಉಳಿಯ ಬಾಯನ್ನು ಪಟ್ಟಿಗೆ ತಾಗಿಸಿ ಗೈಡನ್ನು ಹಲಗೆಯ ಅಂಚಿಗೆ ಒತ್ತಿ ಬಿಗಿದರೆ ಮುಗಿಯಿತು, ಪ್ರತಿ ಸಲ ಅಳೆಯುವ ಕೆಲಸವಿಲ್ಲ.

ಒಂದಂಗುಲದ ಉಳಿ ಹರಿತವಾಯಿತು. ಹರಿತ ನೋಡುವುದು ಹೇಗೆ ಅಂತಲೂ ತೋರಿಸಿದರು. ಬಾಯನ್ನು ಬೆಳಕಿಗೆ ಎದುರಾಗಿ ಹಿಡಿಯಬೇಕು. ಅಂಚಿನಲ್ಲಿ ಕೂದಲಿನಷ್ಟು ಬಿಳಿ ಗೆರೆ ಹೊಳೆದರೆ ಅಲ್ಲಿ ಮೊಂಡು. ಹರಿತವಾದ ಅಂಚು ಕಣ್ಣಿಗೆ ಕಾಣುವುದಿಲ್ಲ. ಬೇವಿನ ತುಂಡಿನ ಕೊಯ್ದ ತುದಿಗೆ ಉಳಿ ಒತ್ತಿದರು. ಹಪ್ಪಳದಂಥ ಸುರುಳಿ ಎದ್ದು ಬಂತು. ಕೈ ನಡುಗುತ್ತಲೇ ಇತ್ತು. ಅವರ ಮುಖ ನೋಡಿದೆ. ಸಂತೋಷವೂ ಇತ್ತು, ಇನ್ನೊಂದು ಏನೋ ಇತ್ತು.

"ಕೆಲಸ ಆಗತ್ತಮ್ಮ. ಆದ್ರೆ ಕಲ್ಲು ಏನ್ ಹೇಳ್ತದೆ ಅಂತ ಕೈಗೆ ಗೊತ್ತಾಗಲ್ಲ."

ಅಂಗಡಿಯಲ್ಲಿ ಕೊಂಡ ಮೂರು ಉಳಿಗಳಿಗೆ ಗೈಡು ಒಗ್ಗಿತು. ಉಳಿದ ನಾಲ್ಕು, ಲಾರಿಯ ಕಮಾನು ಪಟ್ಟಿಯಿಂದ ಕುಲುಮೆಯಲ್ಲಿ ಬಡಿದು ಮಾಡಿಸಿದವು. ಬುಡದಲ್ಲಿ ಸಣ್ಣ, ಬಾಯಿಯ ಹತ್ತಿರ ಅಗಲ. ಯಾವ ದವಡೆಗೂ ಸಿಗಲಿಲ್ಲ. ಅದರಲ್ಲೂ ಕಾಲಂಗುಲದ ಉಳಿಯಂತೂ ಸಣ್ಣ ಚಕ್ರದ ಮೇಲೆ ಅತ್ತಿತ್ತ ವಾಲಿ ಬಾಯಿ ಸೊಟ್ಟಗಾಗುತ್ತಿತ್ತು. ಚೌಕಟ್ಟಿನ ಅಡ್ಡಮರದ ತುದಿ ನಿಲುಮರದೊಳಗೆ ಕೂರುವ ತೂತಿನ ಮೂಲೆ ತೆಗೆಯಲು ಬೇಕಾದದ್ದು ಅದೇ ಉಳಿ. ಅದು ಅವರ ಅಪ್ಪನ ಕಾಲದ್ದು. ಶಾಸ್ತ್ರಕ್ಕೆ ಒಂಬತ್ತು ದಿನ ಉಳಿದಿತ್ತು.

ದೊಡ್ಡಪ್ಪ ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ಹಿಡಿಯನ್ನು ನನ್ನ ಕಡೆ ಚಾಚಿದರು.

"ಕೂತ್ಕೋ. ನಿನ್ ಕೈ ನಡುಗಲ್ಲವಲ್ಲ."

ಕೂತೆ. ಓರೆಯನ್ನು ಕಲ್ಲಿನ ಮೇಲೆ ಇಟ್ಟು ಮೆಲ್ಲಗೆ ಹಿಂದೆ ಮುಂದೆ ವಾಲಿಸು ಅಂದರು. ಒಂದು ಜಾಗದಲ್ಲಿ ಅದು ತಾನಾಗಿ ಕೂರುತ್ತದೆ, ಮಣೆಯ ಮೇಲೆ ಕೂತ ಹಾಗೆ. ಅಲ್ಲಿಂದ ಅಲುಗಾಡದೆ ತಳ್ಳು. ಮೊದಲ ದಿನ ಅಲುಗಾಡಿದೆ. ಅವರು ಕಣ್ಣುಮುಚ್ಚಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ನಾನು ಕೋನ ಎತ್ತಿದೊಡನೆ "ಎತ್ತಿದೆ" ಅನ್ನುತ್ತಿದ್ದರು. "ಇಳಿಸಿದೆ." "ಎಡಕ್ಕೆ ಜಾಸ್ತಿ." "ಹಾಂ, ಅದೇ, ಅದೇ, ಬಿಡಬೇಡ." ನೋಡದೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಸದ್ದು ಅಂದರು. ಓರೆ ಪೂರ್ತಿ ಕೂತಾಗ ಸದ್ದು ದಪ್ಪ. ಅಂಚು ಮಾತ್ರ ತಾಗಿದರೆ ತೆಳ್ಳಗೆ ಕಿರುಗುಟ್ಟುತ್ತದೆ. ಮೂರನೆಯ ದಿನಕ್ಕೆ ನನಗೂ ಅದು ಕೇಳಿಸಿತು. ಅವರು ಹೇಳುವ ಒಂದು ಕ್ಷಣ ಮೊದಲು ನಾನೇ ಸರಿಮಾಡಿಕೊಂಡೆ. ಅವರು ಏನೂ ಹೇಳಲಿಲ್ಲ. ಉಳಿಯ ಬೆನ್ನಿನ ಮೇಲೆ ಬೆರಳು ಸವರಿದೆ. ತಂತಿಯಂಥ ಸಣ್ಣ ಎಳೆ ಉದ್ದಕ್ಕೂ ಎದ್ದಿತ್ತು. ಒಂದು ಕಡೆಯ ಉಜ್ಜು ಬಾಯಿಯ ತನಕ ಮುಟ್ಟಿದೆ ಅನ್ನುವುದಕ್ಕೆ ಅದೇ ಗುರುತು.

"ಹದ ಬಂತು" ಅಂದರು. "ಬೆನ್ನು ಚಪ್ಪಟೆಗೆ ಒಂದ್ಸಲ ಎಳೆದು ಬಿಡು."

ಅವತ್ತು ರಾತ್ರಿ ನೋಟ್‌ಬುಕ್ ತೆಗೆದೆ. ಮೂರು ವರ್ಷದ ಹಿಂದಿನ ಪಟ್ಟಿಯಲ್ಲಿ ನಾನು ಬರೆದಿದ್ದು ಹೀಗೆ: ಕನ್ನಡ, ಹರಿತ, ತೆಲುಗು, ಪದುನು. ಪುಟಗಳಾಚೆ ಅಡುಗೆಯ, ಮಣ್ಣಿನ ಮಾತುಗಳಲ್ಲಿ ಬೇರೆಯಾಗಿ, ಹದ. ಎಂ.ಎ. ತರಗತಿಯಲ್ಲಿ ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಅತಿಥಿ ಉಪನ್ಯಾಸಕಿಯಾಗಿ ಅದನ್ನು ಬೋರ್ಡಿನ ಮೇಲೆ ಬರೆದು ಪಾಠವನ್ನೂ ಮಾಡಿದ್ದೇನೆ. ಪದುನು, ಹದನು, ಹದ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿರುಕ್ತಿ ಕೋಶದಲ್ಲಿ ಎಲ್ಲವೂ ಒಂದೇ ಕಡೆ ಇವೆ. ಬೆಲ್ಲದ ಪಾಕಕ್ಕೂ, ಮಳೆ ಬಿದ್ದ ಹೊಲಕ್ಕೂ, ಕುಲುಮೆಯಿಂದ ತೆಗೆದ ಉಕ್ಕಿಗೂ, ಉಳಿಯ ಬಾಯಿಗೂ ಒಂದೇ ಮಾತು. ದೊಡ್ಡಪ್ಪ ಎರಡು ಭಾಷೆಯಲ್ಲೂ ಅದನ್ನು ನನ್ನೆದುರಿಗೇ ಆಡಿದ್ದರು, ಉಳಿ ನೀಲಿಯಾದ ದಿನವೂ. ನಾನು ಎರಡು ಪಟ್ಟಿಯಲ್ಲಿ ಹಂಚಿ ಬರೆದಿದ್ದೆ. ನನ್ನ ಗೈಡ್ ಕೇಳಿದ ಕೆಲಸ ಕಾಣೆಯಾಗಿದ್ದದ್ದು ಆ ಎರಡು ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ. ಈಗ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಬಾಗಿಲು ಶ್ರಾವಣದಲ್ಲೇ ನಿಂತಿತು. ಮೂಲೆಗಳನ್ನು ದೊಡ್ಡಪ್ಪನೇ ತೆಗೆದರು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಉಳಿಯನ್ನು ನನ್ನ ಕಡೆ ಚಾಚುತ್ತಿದ್ದರು, ನಾನು ಮಸೆದು ಕೊಡುತ್ತಿದ್ದೆ. ಅಡ್ಡಮರ ನಿಲುಮರದೊಳಗೆ ಕೂತಾಗ ಸಂದಿನಲ್ಲಿ ಒಂದು ಹಾಳೆ ತೂರುವಷ್ಟೂ ಜಾಗ ಇರಲಿಲ್ಲ. ಗೌರಿಬಿದನೂರಿನ ಆ ಹಳ್ಳಿಯಲ್ಲಿ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ದೊಡ್ಡಪ್ಪನಿಗೆ ಪಂಚೆ, ತಾಂಬೂಲ, ತೆಂಗಿನಕಾಯಿ ಕೊಟ್ಟರು. ಮನೆಯವರು ನನ್ನ ಕಡೆ ನೋಡಿ, "ಇವರು?" ಅಂದರು.

"ನಮ್ಮ ಹುಡುಗಿ. ಸಾಣೆ ಇವಳದೇ" ಅಂದರು ದೊಡ್ಡಪ್ಪ. ಮನೆಯ ಅಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದರು.

ಗೈಡು ಚಾವಡಿಯಲ್ಲೇ ಇದೆ. ಅಂಗಡಿಯ ಮೂರು ಉಳಿಗಳಿಗೆ ದೊಡ್ಡಪ್ಪ ಈಗಲೂ ಅದನ್ನು ಬಳಸುತ್ತಾರೆ, ನಾನಿಲ್ಲದ ವಾರಗಳಲ್ಲಿ. ಕುಲುಮೆಯ ನಾಲ್ಕನ್ನು ಒಂದು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿರುತ್ತಾರೆ. ಶನಿವಾರ ನಾನು ಬಸ್ಸಿಳಿದು ಹೋದಾಗ ಕಾಫಿಗೂ ಮೊದಲು ಆ ಗಂಟನ್ನು ನನ್ನ ಮುಂದೆ ಇಡುತ್ತಾರೆ.